ಇಂಗ್ಲೆಂಡ್ ಕರಾವಳಿಯ ಲಿಂಕ್ಸ್ ಕೋರ್ಸ್‌ಗಳು: ಏಳು ರಾತ್ರಿಯಲ್ಲಿ ಯಾವುದನ್ನು ಆಡೋದು, ಯಾವುದನ್ನು ಬಿಡೋದು?

ಬೋಗಿರಾಯ:

ಎಲ್ಲರಿಗೂ ನಮಸ್ಕಾರ. ಮುಂದಿನ ಜೂನ್ ಎರಡನೇ ವಾರ ನಾವು ನಾಲ್ಕು ಜನ ಗಾಲ್ಫ್ ಆಡಲು ಇಂಗ್ಲೆಂಡಿಗೆ ಹೋಗುವವರಿದ್ದೇವೆ. ಮೂವರು ಬೆಂಗಳೂರಿನಿಂದ, ಒಬ್ಬರು ರೆಡಿಂಗ್‌ನಲ್ಲೇ ಇರುವವರು. ಏಳು ರಾತ್ರಿ ಕೈಯಲ್ಲಿದೆ. ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟದ ಮಟ್ಟದ ಅಂಕ, ಕಡಿಮೆ ಇದ್ದಷ್ಟೂ ಆಟ ಒಳ್ಳೆಯದು) 9, 14, 17 ಮತ್ತು 23. ಈ 23ರವರಿಗೆ ವಯಸ್ಸು 64, ಮಂಡಿ ನೋವಿದೆ. ಸಮತಟ್ಟಾದರೆ 18 ಹೋಲ್ ನಡೆಯುತ್ತಾರೆ, ಏರು ಬಂದರೆ ಕಷ್ಟ.

ಈಗಿನ ಪಟ್ಟಿ: ಕೆಂಟ್‌ನ ರಾಯಲ್ ಸೇಂಟ್ ಜಾರ್ಜಸ್, ಸೌತ್‌ಪೋರ್ಟ್‌ನ ರಾಯಲ್ ಬರ್ಕ್‌ಡೇಲ್, ಹಾಯ್‌ಲೇಕ್‌ನ ರಾಯಲ್ ಲಿವರ್‌ಪೂಲ್, ರಾಯಲ್ ಲಿಥಮ್, ಡೆವನ್‌ನ ರಾಯಲ್ ನಾರ್ತ್ ಡೆವನ್, ಕಾರ್ನ್‌ವಾಲ್‌ನ ಸೇಂಟ್ ಎನೊಡಾಕ್, ನಾರ್ಫೋಕ್‌ನ ಬ್ರಾಂಕಾಸ್ಟರ್. ಏಳು ದಿನಕ್ಕೆ ಏಳು. ಲಿಂಕ್ಸ್, ಅಂದರೆ ಕಡಲತೀರದ ಮರಳುನೆಲದ ಕೋರ್ಸ್, ಆಡಿದ ಅನುಭವ ನಾಲ್ವರಲ್ಲಿ ಯಾರಿಗೂ ಇಲ್ಲ.

ಇದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಯಾವುದನ್ನು ಬಿಡಬೇಕು? ಹ್ಯಾಂಡಿಕ್ಯಾಪ್ ಮಿತಿ, ಬುಕಿಂಗ್, ಸಾಮಾನು ಇವುಗಳ ಬಗ್ಗೆಯೂ ತಿಳಿದವರು ಹೇಳಿ. ಬಜೆಟ್ ಅಂದರೆ ಒಂದು ಅಥವಾ ಎರಡು ದುಬಾರಿ ರೌಂಡ್ ಪರವಾಗಿಲ್ಲ, ಏಳೂ ಆಗುವುದಿಲ್ಲ.

ಮರಳುದಿಬ್ಬ:

ರಾಯರೇ, ಈ ಪಟ್ಟಿ ಹಿಡಿದು ಹೊರಟರೆ ಕ್ಲಬ್ ಹಿಡಿದದ್ದಕ್ಕಿಂತ ಸ್ಟಿಯರಿಂಗ್ ಹಿಡಿದದ್ದೇ ಹೆಚ್ಚಾಗುತ್ತೆ. ಸ್ಯಾಂಡ್‌ವಿಚ್‌ನಿಂದ ಸೌತ್‌ಪೋರ್ಟ್ ಸುಮಾರು 300 ಮೈಲಿ. ಸೌತ್‌ಪೋರ್ಟ್‌ನಿಂದ ಕಾರ್ನ್‌ವಾಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ಬ್ರಾಂಕಾಸ್ಟರ್ ಇನ್ನೊಂದು ಮೂಲೆ. ಮೊದಲು ಕರಾವಳಿಯ ಒಂದು ತುಂಡು ಆರಿಸಿಕೊಳ್ಳಿ, ಆಮೇಲೆ ಕೋರ್ಸ್. ಒಂದು ವಾರಕ್ಕೆ ಐದು ರೌಂಡ್ ಸಾಕು.

ಮೊದಲ ಸಲಕ್ಕೆ ನನ್ನ ಮತ ಲ್ಯಾಂಕಶೈರ್-ಮರ್ಸಿಸೈಡ್ ಕಡೆಗೆ. ಕಾರಣ ಸರಳ: ಇಷ್ಟು ಒಳ್ಳೆಯ ಲಿಂಕ್ಸ್ ಇಷ್ಟು ಹತ್ತಿರ ಹತ್ತಿರ ಇಂಗ್ಲೆಂಡಿನಲ್ಲಿ ಇನ್ನೆಲ್ಲೂ ಇಲ್ಲ. ಲಿವರ್‌ಪೂಲ್‌ನಿಂದ ಸೌತ್‌ಪೋರ್ಟ್‌ಗೆ ಹೋಗುವ ಮರ್ಸಿರೈಲ್ ಹಳಿಯ ಪಕ್ಕದಲ್ಲೇ ಕೋರ್ಸ್‌ಗಳು ಸಾಲಾಗಿವೆ. ಹಾಲ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ವೆಸ್ಟ್ ಲ್ಯಾಂಕಶೈರ್, ಫ್ರೆಶ್‌ಫೀಲ್ಡ್‌ನಲ್ಲಿ ಇಳಿದರೆ ಫಾರ್ಂಬಿ, ಹಿಲ್‌ಸೈಡ್ ಸ್ಟೇಷನ್ನಿನಲ್ಲಿ ಇಳಿದರೆ ಹಿಲ್‌ಸೈಡ್ ಮತ್ತು ರಾಯಲ್ ಬರ್ಕ್‌ಡೇಲ್ ಎರಡೂ. ಹಿಲ್‌ಸೈಡ್-ಬರ್ಕ್‌ಡೇಲ್ ಅಂತೂ ಬೇಲಿ ಹಂಚಿಕೊಂಡ ಮನೆಗಳ ಹಾಗೆ. ಹಾಯ್‌ಲೇಕ್ ನದಿಯ ಆಚೆ, ವಿರಾಲ್‌ನಲ್ಲಿದೆ. ರೈಲಾದರೆ ಲಿವರ್‌ಪೂಲ್ ಸೆಂಟ್ರಲ್‌ನಲ್ಲಿ ಬದಲಿಸಬೇಕು, ಕಾರಾದರೆ ಮರ್ಸಿ ಸುರಂಗ, ಟೋಲ್ ಇದೆ.

ಲಿಥಮ್ ವಿಷಯದಲ್ಲಿ ಎಲ್ಲರೂ ಮೋಸ ಹೋಗುವುದು ನಕ್ಷೆ ನೋಡಿ. ಸೌತ್‌ಪೋರ್ಟ್ ದಡದಲ್ಲಿ ನಿಂತರೆ ಎದುರಿಗೇ ಕಾಣುತ್ತೆ, ಆದರೆ ನಡುವೆ ರಿಬಲ್ ನದಿಯ ಅಳಿವೆ. ಸೇತುವೆ ಬೇಕಾದರೆ ಪ್ರೆಸ್ಟನ್‌ವರೆಗೆ ಸುತ್ತಬೇಕು, ಒಂದು ಗಂಟೆ ಹಿಡಿಯಿರಿ. ಬೆಳಗಿನ ಟ್ರಾಫಿಕ್ಕಿನಲ್ಲಿ ಇನ್ನೂ ಜಾಸ್ತಿ.

ಒಂದೊಂದರ ಗುಣ ಹೇಳುತ್ತೇನೆ, ನಿಮ್ಮ ನಾಲ್ವರಿಗೆ ಹೊಂದಿಸಿ ನೋಡಿ.

ಬರ್ಕ್‌ಡೇಲ್: ದೊಡ್ಡ ಮರಳುದಿಬ್ಬಗಳಿವೆ, ಆದರೆ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಅವುಗಳ ನಡುವಿನ ತಗ್ಗಿನಲ್ಲಿ ಹರಿದಿದೆ. ಹಾಗಾಗಿ ನೆಲ ಬಹುಪಾಲು ಮಟ್ಟ, ಕಣ್ಣಿಗೆ ಕಾಣದ ಶಾಟ್ ಕಡಿಮೆ. ಒಳ್ಳೆಯ ಶಾಟ್‌ಗೆ ಒಳ್ಳೆಯ ಫಲ ಸಿಗುವ ಕೋರ್ಸ್. ಫೇರ್‌ವೇ ತಪ್ಪಿದರೆ ಮಾತ್ರ ದಯೆ ಇಲ್ಲ. ಮಂಡಿ ನೋವಿನವರಿಗೆ ಆಗಬಹುದು.

ಹಾಯ್‌ಲೇಕ್: ನೋಡಿದರೆ ಬಯಲು, ಮೊದಲ ನೋಟಕ್ಕೆ ನಿರಾಸೆ ಆಗುವುದೂ ಉಂಟು. ಇಲ್ಲಿನ ವಿಶೇಷ ಕೋರ್ಸಿನ ಒಳಗೇ ಇರುವ ಔಟ್ ಆಫ್ ಬೌಂಡ್ಸ್, ಅಂದರೆ ಚೆಂಡು ಹೋಗಬಾರದ ಗಡಿಯಾಚೆಯ ಜಾಗ. ಪ್ರಾಕ್ಟೀಸ್ ಮೈದಾನದ ಸುತ್ತ ಸಣ್ಣ ಮಣ್ಣಿನ ಬದು ಇದೆ, ನಮ್ಮ ಗದ್ದೆ ಬದುವಿನಂಥದ್ದೇ. ಅದನ್ನು ದಾಟಿದರೆ ಔಟ್. ಸದಸ್ಯರ ಕಾರ್ಡಿನ ಮೊದಲನೇ ಹೋಲ್‌ನಲ್ಲೇ ಅದು ಬಲಕ್ಕೆ ಬಾಯಿ ತೆರೆದು ಕೂತಿರುತ್ತೆ. ಓಪನ್ (ಬ್ರಿಟನ್ನಿನ ದೊಡ್ಡ ವಾರ್ಷಿಕ ಚಾಂಪಿಯನ್‌ಶಿಪ್) ನಡೆಯುವಾಗ ಅದೇ ಹೋಲ್ 3ನೆಯದು, ಏಕೆಂದರೆ ಆಗ ಸದಸ್ಯರ 17 ಮತ್ತು 18 ಮೊದಲು ಬರುತ್ತವೆ. ಟಿವಿಯಲ್ಲಿ ನೋಡಿ ಬಂದವರು ಈ ಲೆಕ್ಕದಲ್ಲಿ ತಬ್ಬಿಬ್ಬಾಗುತ್ತಾರೆ. ನಡೆಯಲು ಅತಿ ಸುಲಭ.

ಹಿಲ್‌ಸೈಡ್: ಮೊದಲ ಒಂಬತ್ತು ರೈಲು ಹಳಿ ಬದಿಯಲ್ಲಿ ಸಾಧಾರಣವಾಗಿ ಸಾಗುತ್ತೆ, ಹಿಂದಿನ ಒಂಬತ್ತು ಎತ್ತರದ ದಿಬ್ಬಗಳ ಮಧ್ಯೆ. ನೋಟ ಅದ್ಭುತ, ಮಂಡಿಗೆ ಪರೀಕ್ಷೆ.

ಫಾರ್ಂಬಿ: ಪೈನ್ ಮರ, ಹೀದರ್ ಗಿಡ, ಮರಳು ಮೂರೂ ಸೇರಿದ್ದು. ಗಾಳಿ ಹುಚ್ಚೆದ್ದ ದಿನ ಮರಗಳ ಆಸರೆ ಸಿಗುವ ಕೋರ್ಸ್ ಇದೊಂದೇ. ವಾರದಲ್ಲಿ ಒಂದು ದಿನ ಇದಕ್ಕಿರಲಿ.

ವೆಸ್ಟ್ ಲ್ಯಾಂಕ್ಸ್: 1873ರ ಕ್ಲಬ್. ಚಪ್ಪಟೆ ನೆಲ, ಎಲ್ಲ ಕಡೆಯಿಂದಲೂ ಗಾಳಿ. ಬೆಲೆ ದೊಡ್ಡವರಿಗಿಂತ ಬಹಳ ಕಡಿಮೆ, ಆಟ ಕಡಿಮೆ ಏನಲ್ಲ.

ಸೌತ್‌ಪೋರ್ಟ್ ಅಂಡ್ ಐನ್ಸ್‌ಡೇಲ್: 1933 ಮತ್ತು 1937ರ ರೈಡರ್ ಕಪ್ (ಆಗ ಬ್ರಿಟನ್-ಅಮೆರಿಕ ತಂಡಗಳ ಪಂದ್ಯ) ನಡೆದದ್ದು ಇಲ್ಲೇ. ಶುರುವೇ ಉದ್ದದ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್). 16ರಲ್ಲಿ ರೈಲ್ವೆ ಸ್ಲೀಪರ್ ಹೊದಿಸಿದ ಗೋಡೆಯಂಥ ಬಂಕರ್ (ಮರಳುಗುಂಡಿ), ಎರಡನೇ ಶಾಟ್ ಅದರ ಮೇಲೆ ಹಾರಬೇಕು.

ವಾಲಸಿ: ಪ್ರತಿ ಹೋಲ್‌ಗೂ ಬೇರೆ ಬೇರೆ ಅಂಕ ಕೊಡುವ ಸ್ಟೇಬಲ್‌ಫರ್ಡ್ ಪದ್ಧತಿಯ ತವರು. ಫ್ರಾಂಕ್ ಸ್ಟೇಬಲ್‌ಫರ್ಡ್ ಇಲ್ಲಿನ ಸದಸ್ಯರು, 1932ರಲ್ಲಿ ಇಲ್ಲೇ ಸ್ಪರ್ಧೆಗೆ ತಂದರು. ಗಾಳಿಯಲ್ಲಿ ಒಂದೆರಡು ಹೋಲ್ ಹಾಳಾಗಿ ಜನ ಕಾರ್ಡ್ ಹರಿದು ಹಾಕಬಾರದು ಅಂತ ಹುಟ್ಟಿದ ಪದ್ಧತಿ ಅದು. 9ರಿಂದ 23ರವರೆಗೆ ಹರಡಿದ ನಿಮ್ಮ ತಂಡ ವಾರಪೂರ್ತಿ ಅದನ್ನೇ ಆಡಿ. ಕೋರ್ಸಿನಲ್ಲಿ ಏರಿಳಿತ ಜೋರು.

ಲಿಥಮ್: ಸಮುದ್ರ ಕಾಣುವುದೇ ಇಲ್ಲ. ಸುತ್ತ ಇಟ್ಟಿಗೆ ಮನೆ, ಒಂದು ಪಕ್ಕ ರೈಲು. 170ಕ್ಕೂ ಮೇಲೆ ಬಂಕರ್. ಮೊದಲನೇ ಹೋಲ್ ಪಾರ್ 3. ಓಪನ್ ಕೋರ್ಸ್‌ಗಳಲ್ಲಿ ಹಾಗಿರುವುದು ಇದೊಂದೇ. ಚೆಂದಕ್ಕಾಗಿ ಹೋಗುವ ಜಾಗವಲ್ಲ. ಒಬ್ಬನ ಆಟ ಎಷ್ಟು ಕರಾರುವಾಕ್ಕು ಅಂತ ತೂಗಿ ನೋಡುವ ಜಾಗ.

ಕಡಲಗಾಳಿ:

ಮರಳುದಿಬ್ಬ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ರೆಡಿಂಗ್‌ನವರೊಬ್ಬರು ಇದ್ದಾರೆ, ಉಳಿದವರು ಇಳಿಯುವುದು ಹೀಥ್ರೂನಲ್ಲಿ ಅಂದರೆ ಕೆಂಟ್ ಅನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಒಂದೇ ಕೊಲ್ಲಿಯಲ್ಲಿ ಮೂರು ಕೋರ್ಸ್: ರಾಯಲ್ ಸೇಂಟ್ ಜಾರ್ಜಸ್, ಅದಕ್ಕೆ ಅಂಟಿಕೊಂಡೇ ಪ್ರಿನ್ಸಸ್, ದಕ್ಷಿಣಕ್ಕೆ ಡೀಲ್‌ನ ರಾಯಲ್ ಸಿಂಕ್ ಪೋರ್ಟ್ಸ್. ಮೂರರಲ್ಲೂ ಓಪನ್ ನಡೆದಿದೆ. ಸೇಂಟ್ ಜಾರ್ಜಸ್‌ನಲ್ಲಿ 1894ರಲ್ಲಿ ನಡೆದದ್ದು ಸ್ಕಾಟ್ಲೆಂಡ್ ಬಿಟ್ಟು ಹೊರಗೆ ಬಂದ ಮೊದಲ ಓಪನ್. ಪ್ರಿನ್ಸಸ್‌ನಲ್ಲಿ 1932ರಲ್ಲಿ ಜೀನ್ ಸಾರಜೆನ್ ಗೆದ್ದರು. ನೀವೆಲ್ಲ ಇವತ್ತು ಬಳಸುವ ಸ್ಯಾಂಡ್ ವೆಜ್ ಲೋಕಕ್ಕೆ ಪರಿಚಯವಾದದ್ದು ಆ ಗೆಲುವಿನೊಂದಿಗೆ.

ಮಳೆಯ ಲೆಕ್ಕದಲ್ಲೂ ಕೆಂಟ್ ಒಣ ಕಡೆ, ಲ್ಯಾಂಕಶೈರ್ ಒದ್ದೆ ಕಡೆ. ನೆಲ ಗಟ್ಟಿಯಾಗಿ ಚೆಂಡು ಪುಟಿಯುವ ನಿಜವಾದ ಲಿಂಕ್ಸ್ ಅನುಭವ ಜೂನ್‌ನಲ್ಲಿ ಕೆಂಟ್‌ನಲ್ಲಿ ಸಿಗುವ ಸಂಭವ ಹೆಚ್ಚು.

ಆದರೆ ಎರಡು ಎಚ್ಚರಿಕೆ. ಸೇಂಟ್ ಜಾರ್ಜಸ್‌ನ ಫೇರ್‌ವೇ ಸುಕ್ಕುಸುಕ್ಕು. ನಡುವಿಗೆ ಹೊಡೆದ ಡ್ರೈವ್ ಕೂಡ ಗುಬುಟು ತಾಗಿ ಉದ್ದ ಹುಲ್ಲಿನ ರಫ್‌ಗೆ ಓಡುತ್ತೆ. ಕಣ್ಣಿಗೆ ಕಾಣದ ಶಾಟ್‌ಗಳೂ ಇವೆ. 14ನೇ ಹೋಲ್‌ನಲ್ಲಿ ಬಲಕ್ಕೆ ಉದ್ದಕ್ಕೂ ಔಟ್ ಆಫ್ ಬೌಂಡ್ಸ್, ಅಡ್ಡಕ್ಕೆ ಸೂಯೆಜ್ ಕಾಲುವೆ ಅಂತ ಹೆಸರಿಟ್ಟ ಒಂದು ತೋಡು. ಅದೃಷ್ಟವನ್ನು ಬೈಯುವ ಸ್ವಭಾವದವರಿಗೆ ಈ ಕೋರ್ಸ್ ಆಗಿಬರುವುದಿಲ್ಲ. ಡೀಲ್‌ನಲ್ಲಿ ಹೋಗುವಾಗ ಸಾಮಾನ್ಯವಾಗಿ ಗಾಳಿ ಬೆನ್ನಿಗೆ, ವಾಪಸ್ ಬರುವಾಗ ಮುಖಕ್ಕೆ. ಮೊದಲ ಒಂಬತ್ತರಲ್ಲಿ ಗಳಿಸಿದ್ದನ್ನೆಲ್ಲ ಕೊನೆಯ ಏಳು ಹೋಲ್‌ಗಳು ಬಡ್ಡಿ ಸಮೇತ ವಸೂಲಿ ಮಾಡುತ್ತವೆ. ಕಾರ್ಡ್ ನೋಡಿ ಹಿಗ್ಗಬೇಡಿ.

ಪ್ರಿನ್ಸಸ್ 27 ಹೋಲ್: ಶೋರ್, ಡ್ಯೂನ್ಸ್, ಹಿಮಾಲಯಾಸ್. ಹಿಮಾಲಯ ಅನ್ನುವುದು ಹೆಸರಿಗಷ್ಟೇ, ಮಂಡಿಗೇನೂ ಭಯವಿಲ್ಲ. ಉಳಿದುಕೊಳ್ಳಲು ಅಲ್ಲೇ ಲಾಡ್ಜ್ ಇದೆ. ಹೊರಗಿನವರಿಗೆ ಟೀ ಟೈಮ್ (ಆಟ ಶುರುಮಾಡುವ ಹೊತ್ತು) ಸಿಗುವುದೂ ಮೂರರಲ್ಲಿ ಇಲ್ಲೇ ಸುಲಭ.

ಪಶ್ಚಿಮಕ್ಕೆ ಇನ್ನೊಮ್ಮೆ ಬನ್ನಿ. ವೆಸ್ಟ್‌ವರ್ಡ್ ಹೋ!ನಲ್ಲಿರುವ ರಾಯಲ್ ನಾರ್ತ್ ಡೆವನ್ 1864ರದ್ದು, ಮೊದಲು ಆಡಿದ ನೆಲದಲ್ಲೇ ಇಂದಿಗೂ ಆಡುತ್ತಿರುವ ಇಂಗ್ಲೆಂಡಿನ ಅತಿ ಹಳೆಯ ಕೋರ್ಸ್. ನೆಲ ನಮ್ಮ ಗೋಮಾಳದ ಹಾಗೆ, ಊರವರ ಕುರಿ, ಕುದುರೆ ಫೇರ್‌ವೇಯಲ್ಲಿ ಮೇಯುತ್ತಿರುತ್ತವೆ. ಎರಡನೇ ಒಂಬತ್ತರಲ್ಲಿ ಮನುಷ್ಯನ ಎದೆಯೆತ್ತರ ಮುಳ್ಳು ಜೊಂಡು, ಅದರೊಳಗೆ ಹೋದ ಚೆಂಡಿಗೆ ಎಳ್ಳು ನೀರು ಬಿಡಬಹುದು. ಅದರ ಜೊತೆಗೆ ಅಳಿವೆಯಾಚೆ ಸಾಂಟನ್‌ನ ಈಸ್ಟ್ ಕೋರ್ಸ್, ದಾರಿಯಲ್ಲಿ ಬರ್ನಮ್ ಅಂಡ್ ಬೆರೊ. ಅದೇ ಒಂದು ಪೂರ್ತಿ ಪ್ರವಾಸ. ಸೇಂಟ್ ಎನೊಡಾಕ್ ಸುಂದರ, ಆದರೆ ಗುಡ್ಡ. 6ರಲ್ಲಿ ಫೇರ್‌ವೇಗೆ ಅಡ್ಡಲಾಗಿ ನಿಂತ ಮರಳುಗುಡ್ಡದ ಬಂಕರ್ ಮೇಲೆ ಹೊಡೆಯಬೇಕು. ಮಂಡಿ ನೋವಿನ ಹಿರಿಯರಿಗೆ ಬೇಡವೇ ಬೇಡ.

ಬ್ರಾಂಕಾಸ್ಟರ್ ಬಿಡಿ. ಕ್ಲಬ್ಬಿಗೆ ಹೋಗುವ ದಾರಿ ಜವುಗಿನ ಮೇಲೆ, ದೊಡ್ಡ ಉಬ್ಬರಕ್ಕೆ ಮುಳುಗುತ್ತೆ. ಆಟವೂ ಇಬ್ಬರ ಲೆಕ್ಕದಲ್ಲಿ, ಅಂದರೆ ಸಿಂಗಲ್ಸ್ ಅಥವಾ ಒಂದೇ ಚೆಂಡನ್ನು ಇಬ್ಬರು ಸರದಿಯಲ್ಲಿ ಹೊಡೆಯುವ ಫೋರ್ಸಮ್ಸ್. ನಾಲ್ಕು ಚೆಂಡಿನ ಆಟಕ್ಕೆ ಅವಕಾಶವಿಲ್ಲ. ಯಾವಾಗಲಾದರೂ ಹೋದರೆ ಉಬ್ಬರದ ಪಟ್ಟಿ ನೋಡಿಕೊಂಡು ಹೋಗಿ: ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನ ನೀರು ಅತಿ ಹೆಚ್ಚು. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಆ ಒಂದು ಗಂಟೆ ಮರೆತವರ ಕಾರು ಉಪ್ಪುನೀರಲ್ಲಿ.

ಏಳನೇಐರನ್:

ಯಾವ ಕರಾವಳಿ ಆರಿಸಿದರೂ ಬುಕಿಂಗ್ ವಿಧಾನ ಒಂದೇ, ಅದನ್ನು ಬರೆಯುತ್ತೇನೆ.

ಮೊದಲು ದುಬಾರಿ ಕೋರ್ಸಿನ ದಿನ ಗಟ್ಟಿ ಮಾಡಿ. ಓಪನ್ ಕ್ಲಬ್‌ಗಳು ಹೊರಗಿನವರಿಗೆ ವಾರದಲ್ಲಿ ಕೆಲವೇ ದಿನ, ಕೆಲವೇ ಗಂಟೆ ಬಿಡುತ್ತವೆ. ಒಂಬತ್ತು ತಿಂಗಳಿಂದ ಒಂದು ವರ್ಷ ಮುಂಚೆ ನೋಡಬೇಕು. ಆ ದಿನದ ಸುತ್ತ ಉಳಿದದ್ದನ್ನು ಜೋಡಿಸಿ. ಉಲ್ಟಾ ಮಾಡಿದರೆ, ಅಂದರೆ ಹೋಟೆಲ್, ವಿಮಾನ ಎಲ್ಲ ಆದ ಮೇಲೆ ಬರ್ಕ್‌ಡೇಲ್ ಕೇಳಿದರೆ ಸಿಗುವುದು ನೀವು ಊರಿಗೆ ಹೊರಡುವ ದಿನವೇ. ಶನಿವಾರ ಬಹುತೇಕ ಕಡೆ ಸದಸ್ಯರ ಸ್ಪರ್ಧೆ, ಕೇಳಲೂ ಬೇಡಿ. ಭಾನುವಾರ ಮಧ್ಯಾಹ್ನ ಕೆಲವೆಡೆ ಸಿಗುತ್ತೆ. ವಾರದ ಒಂದು ದಿನ ಹೆಂಗಸರ ಸ್ಪರ್ಧೆ ಇರುತ್ತೆ, ಎಷ್ಟೋ ಕಡೆ ಅದು ಮಂಗಳವಾರ.

ಓಪನ್ ನಡೆಯುವ ವರ್ಷ ಆ ಕೋರ್ಸ್ ವಾರಗಟ್ಟಲೆ ಮೊದಲೇ ಹೊರಗಿನವರಿಗೆ ಮುಚ್ಚಿರುತ್ತೆ, ಅಕ್ಕಪಕ್ಕದ ಹೋಟೆಲ್ ಬೆಲೆಯೂ ಏರುತ್ತೆ. ಉದಾಹರಣೆಗೆ 2026ರ ಓಪನ್ ಬರ್ಕ್‌ಡೇಲ್‌ನದು, ಜುಲೈ 12ರಿಂದ 19.

ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಗಳು: ಗ್ರೀನ್‌ಗೆ (ಹೋಲ್ ಸುತ್ತಲ ನುಣುಪು ಹುಲ್ಲುನೆಲ) ರಂಧ್ರ ಹೊಡೆದು ಮರಳು ತುಂಬುವ ಕೆಲಸ ಯಾವ ವಾರ ಇದೆ? ನಾಲ್ಕು ಜನ ನಾಲ್ಕು ಚೆಂಡು ಆಡಬಹುದೇ? ಯಾವ ಟೀ (ಮೊದಲ ಹೊಡೆತದ ಜಾಗ) ಕೊಡುತ್ತೀರಿ? ಹ್ಯಾಂಡಿಕ್ಯಾಪ್ ಮಿತಿ ಎಷ್ಟು, ಅದು ಇಂಡೆಕ್ಸ್ ಮೇಲೋ, ಆ ಕೋರ್ಸಿಗೆ ಹೊಂದಿಸಿದ ಕೋರ್ಸ್ ಹ್ಯಾಂಡಿಕ್ಯಾಪ್ ಮೇಲೋ? ಕೊನೆಯದು ನಿಮಗೆ ಮುಖ್ಯ. ಓಪನ್ ನಡೆದ ಕ್ಲಬ್‌ಗಳಲ್ಲಿ ಗಂಡಸರಿಗೆ 18ರಿಂದ 24ರ ನಡುವೆ ಒಂದು ಮಿತಿ ಇರುವುದು ಸಾಮಾನ್ಯ. ನಿಮ್ಮ 23ರವರು ಆ ಗೆರೆಯ ಮೇಲೆಯೇ ನಿಂತಿದ್ದಾರೆ. ಕೋರ್ಸ್ ಹ್ಯಾಂಡಿಕ್ಯಾಪ್ ಲೆಕ್ಕ ಹೀಗೆ: ಇಂಡೆಕ್ಸ್ ಗುಣಿಸು ಸ್ಲೋಪ್ (ಕೋರ್ಸ್ ಎಷ್ಟು ಕಠಿಣ ಎಂಬ ಅಂಕ), ಭಾಗಿಸು 113, ಅದಕ್ಕೆ ಕೋರ್ಸ್ ರೇಟಿಂಗ್ (ನುರಿತ ಆಟಗಾರನ ಅಂದಾಜು ಸ್ಕೋರ್) ಮತ್ತು ಪಾರ್ ನಡುವಿನ ವ್ಯತ್ಯಾಸ ಕೂಡಿಸು. ಸ್ಲೋಪ್ 135 ಇದ್ದರೆ 23 ಆಗುವುದು 27.5, ಅದೂ ರೇಟಿಂಗ್ ಸೇರಿಸುವ ಮೊದಲೇ. ಮುಂಚೆಯೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಹೊರಡುವ ವಾರ ನಿಮ್ಮ ಕ್ಲಬ್ಬಿನಿಂದ ಡಬ್ಲ್ಯೂಎಚ್‌ಎಸ್ (ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ) ಪ್ರಮಾಣಪತ್ರವನ್ನು ಹೊಸದಾಗಿ ತೆಗೆದು ಪ್ರಿಂಟ್ ಇಟ್ಟುಕೊಳ್ಳಿ, ಫೋನಿನ ಆ್ಯಪ್ ತೋರಿಸುವಾಗ ನೆಟ್‌ವರ್ಕ್ ಕೈಕೊಡುವುದೇ ರೂಢಿ.

ದರ ವರ್ಷ ವರ್ಷ ಬದಲಾಗುತ್ತೆ. ಅಂದಾಜಿಗೆ: ಬೇಸಿಗೆಯಲ್ಲಿ ಓಪನ್ ಕೋರ್ಸ್ ತಲೆಗೆ 300 ಪೌಂಡ್ ಮೇಲೆ, ಎರಡನೇ ಸಾಲಿನವು 150ರಿಂದ 250. ಮುಂಗಡ ಕಟ್ಟಿದ ಮೇಲೆ ಮಳೆ ಬಂದರೆ ದುಡ್ಡು ವಾಪಸ್ ಇಲ್ಲ. ಕೋರ್ಸನ್ನೇ ಮುಚ್ಚಿದರೆ ಮಾತ್ರ. ಇಲ್ಲಿನ ಹಲವು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಪಾವತಿಗೆ ಸುಮಾರು 3.5% ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ರೆಡಿಂಗ್‌ನವರ ಕಾರ್ಡಿನಲ್ಲೇ ಎಲ್ಲ ಕಟ್ಟಿ ಆಮೇಲೆ ಲೆಕ್ಕ ಹರಿಸಿಕೊಳ್ಳಿ.

ಸಾಮಾನು: ಟ್ರಾವೆಲ್ ಕವರ್‌ನಲ್ಲಿ ಡ್ರೈವರ್‌ಗಿಂತ (ಅತಿ ಉದ್ದದ ಕ್ಲಬ್) ಎರಡಿಂಚು ಉದ್ದದ ಗಟ್ಟಿ ಕೋಲು ಒಂದು ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೆ ಪೆಟ್ಟು ಅದಕ್ಕೆ ಬೀಳುತ್ತೆ, ಡ್ರೈವರ್ ಕುತ್ತಿಗೆ ಉಳಿಯುತ್ತೆ. ಡ್ರೈವರ್ ತಲೆ ಬಿಚ್ಚಲು ಬರುವಂಥದ್ದಾದರೆ ಬಿಚ್ಚಿ ಸಾಕ್ಸಿನಲ್ಲಿ ಸುತ್ತಿಡಿ. ಬ್ಯಾಟರಿ ಟ್ರಾಲಿ ಒಯ್ಯಬೇಡಿ: ಅದರ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 160 ವ್ಯಾಟ್ ಅವರ್ ದಾಟುತ್ತೆ, ಪ್ರಯಾಣಿಕ ವಿಮಾನದಲ್ಲಿ ಬಿಡುವುದಿಲ್ಲ. ಅಲ್ಲಿಯೇ ಟ್ರಾಲಿ ಬಾಡಿಗೆಗೆ ಸಿಗುತ್ತೆ. ಬಗ್ಗಿ (ಕೂತು ಹೋಗುವ ಗಾಲ್ಫ್ ಗಾಡಿ) ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನ ಲಿಂಕ್ಸ್‌ನಲ್ಲಿ ವೈದ್ಯರ ಪತ್ರ ಇದ್ದವರಿಗೆ ಮಾತ್ರ, ಅದೂ ಇರುವುದು ಒಂದೋ ಎರಡೋ. ಪತ್ರ ತೆಗೆದುಕೊಂಡು ಮೊದಲೇ ಕಾದಿರಿಸಿ.

ಕಾರು: ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್, ನಾಲ್ಕು ಸೂಟ್‌ಕೇಸ್ ಸಾಧಾರಣ ಎಸ್‌ಯುವಿಗೆ ಹಿಡಿಯುವುದಿಲ್ಲ. ಒಂಬತ್ತು ಸೀಟಿನ ವ್ಯಾನ್ ತೆಗೆದುಕೊಳ್ಳಿ. ಆಟೊಮ್ಯಾಟಿಕ್ ಬೇಕೆಂದರೆ ಬುಕ್ ಮಾಡುವಾಗಲೇ ಹೇಳಬೇಕು. ಪ್ರವಾಸಿಗಳು ಭಾರತದ ಲೈಸೆನ್ಸ್‌ನಲ್ಲಿ ಅಲ್ಲಿ 12 ತಿಂಗಳು ಓಡಿಸಬಹುದು.

ನಾಲ್ಕುಪಟ್:

ಕೋರ್ಸ್ ಆರಿಸುವುದರ ಅರ್ಧದಷ್ಟು ಮುಖ್ಯ, ಬೆಂಗಳೂರಿನ ಯಾರ್ಡೇಜ್ ಅನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗುವುದು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ತೆಳು ಗಾಳಿಯಲ್ಲಿ ಚೆಂಡು 3ರಿಂದ 3.5% ಹೆಚ್ಚು ಹೋಗುತ್ತೆ. ಇಲ್ಲಿ 150 ಯಾರ್ಡ್ ಹೋಗುವ ಕ್ಲಬ್ ಅಲ್ಲಿ 145. 28 ಡಿಗ್ರಿಯಿಂದ 14 ಡಿಗ್ರಿಗೆ ಇಳಿದರೆ ಇನ್ನೂ ಮೂರು ಯಾರ್ಡ್ ಹೋಯಿತು. ಅಲ್ಲಿಗೆ 142, ಗಾಳಿ ಇಲ್ಲದೆ.

ಗಾಳಿಗೆ ರೂಢಿಯ ಲೆಕ್ಕ: ಎದುರು ಗಾಳಿ ಗಂಟೆಗೆ ಒಂದು ಮೈಲಿಗೆ 1% ಕೂಡಿಸಿ, ಹಿಂದಿನ ಗಾಳಿಗೆ ಅರ್ಧ ಶೇಕಡಾ ಕಳೆಯಿರಿ. 142 ಯಾರ್ಡಿನ ಶಾಟ್, ಎದುರು ಗಾಳಿ 15 ಮೈಲಿ. 163 ಯಾರ್ಡಿನ ಹಾಗೆ ಆಡುತ್ತೆ. ಅದನ್ನು ಬೆಂಗಳೂರಿನ ಅಳತೆಗೆ ತಿರುಗಿಸಿದರೆ 172. ಅಂದರೆ ಇಲ್ಲಿ 8 ಐರನ್ ತೆಗೆಯುವ ದೂರಕ್ಕೆ ಅಲ್ಲಿ 6 ಐರನ್, ಕೆಲವರಿಗೆ 5. ಮನಸ್ಸು ಒಪ್ಪುವುದಿಲ್ಲ, 7 ತೆಗೆದು ಜೋರಾಗಿ ಬೀಸುತ್ತಾರೆ. ಜೋರಾಗಿ ಬೀಸಿದಷ್ಟೂ ಸ್ಪಿನ್ ಹೆಚ್ಚಿ ಚೆಂಡು ಮೇಲಕ್ಕೇರಿ ಅಲ್ಲೇ ನಿಂತು ಬೀಳುತ್ತೆ. ಎರಡು ಕ್ಲಬ್ ಹೆಚ್ಚಿಗೆ, ಹಿಡಿ ಒಂದಿಂಚು ಕೆಳಗೆ, ಮುಕ್ಕಾಲು ಸ್ವಿಂಗ್.

ಹಿಂದಿನ ಗಾಳಿಯಲ್ಲಿ ಸಮಸ್ಯೆ ಬೇರೆ. ಗ್ರೀನ್ ಮೇಲೆ ಬೀಳಿಸಿದರೆ ನಿಲ್ಲುವುದಿಲ್ಲ. 20-30 ಯಾರ್ಡ್ ಮುಂಚೆ ಬೀಳಿಸಿ ಉರುಳಲು ಬಿಡಿ. ಬಹುತೇಕ ಲಿಂಕ್ಸ್ ಗ್ರೀನ್‌ಗಳ ಬಾಯಿ ತೆರೆದಿರುವುದು ಅದಕ್ಕೇ.

ಗ್ರೀನ್ ಸುತ್ತ ಹುಲ್ಲು ಕತ್ತರಿಸಿದ ಕಾರ್ಪೆಟ್ ಹಾಗೆ, ಕೆಳಗೆ ಗಟ್ಟಿ ಮರಳು. ನಮ್ಮ ದಪ್ಪ ಹುಲ್ಲಿಗೆಂದು ಕೊಂಡ 12 ಡಿಗ್ರಿ ಬೌನ್ಸ್‌ನ (ಕ್ಲಬ್ ತಳದ ಉಬ್ಬಿನ ಕೋನ) ವೆಜ್ ಅಲ್ಲಿ ನೆಲಕ್ಕೆ ತಾಗಿ ಜಿಗಿಯುತ್ತೆ, ಅಂಚು ಚೆಂಡಿನ ಹೊಟ್ಟೆಗೆ ಬಡಿದು ಅದು ಗ್ರೀನ್ ದಾಟಿ ಓಡುತ್ತೆ. 6-8 ಡಿಗ್ರಿಯದು ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಹೊಸದಕ್ಕೆ ದುಡ್ಡು ಹಾಕಬೇಡಿ. 20 ಯಾರ್ಡ್ ಹೊರಗಿನಿಂದಲೂ ಪಟರ್ ತೆಗೆಯಿರಿ. ಪಟರ್ ಆಗದಿದ್ದರೆ 8 ಐರನ್‌ನಲ್ಲಿ ಮೂರನೇ ಒಂದು ಭಾಗ ಗಾಳಿಯಲ್ಲಿ, ಉಳಿದದ್ದು ನೆಲದಲ್ಲಿ. ಗ್ರೀನ್ ವೇಗ ಬೆಂಗಳೂರಿನ ಒಳ್ಳೆಯ ಕ್ಲಬ್‌ಗಿಂತ ಕಡಿಮೆ ಅನ್ನಿಸಬಹುದು. ಬೇಕೆಂದೇ ಹಾಗಿಡುತ್ತಾರೆ, ಇನ್ನೂ ನುಣ್ಣಗೆ ಕತ್ತರಿಸಿದರೆ ಗಾಳಿಗೆ ಚೆಂಡು ತಾನಾಗಿ ಹೊರಟುಬಿಡುತ್ತೆ.

ಬಂಕರ್: ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಗೋಡೆ. ಚೆಂಡು ಗೋಡೆಯ ಬುಡದಲ್ಲಿದ್ದರೆ ಪಕ್ಕಕ್ಕೋ ಹಿಂದಕ್ಕೋ ತೆಗೆಯಿರಿ. ಲಿಥಮ್‌ನಲ್ಲಿ ಇದೊಂದು ಮಾತು ಪಾಲಿಸಿದರೆ ಐದಾರು ಸ್ಟ್ರೋಕ್ ಉಳಿತಾಯ.

ಇನ್ನೊಂದು ಮಾತು. ನಮಗೆ ಕ್ಯಾಡಿ ಚೆಂಡು ಹುಡುಕಿಕೊಡುವ ಅಭ್ಯಾಸ. ಅಲ್ಲಿ ನೀವೇ ಹುಡುಕಬೇಕು, ಸಮಯ ಮೂರೇ ನಿಮಿಷ. ಚೆಂಡು ಬಿದ್ದ ಕಡೆ ಒಂದು ಗುರುತು, ಪೊದೆಯೋ ದೂರದ ಮನೆಯೋ, ಕಣ್ಣಲ್ಲಿ ಹಿಡಿದುಕೊಂಡೇ ನಡೆಯಿರಿ. ಅನುಮಾನ ಬಂದರೆ ಪ್ರೊವಿಷನಲ್ (ಬದಲಿ ಚೆಂಡು) ಹೊಡೆದೇ ಹೊರಡಿ. ತಲೆಗೆ ಎರಡು ಡಜನ್ ಚೆಂಡು ಬೇಕು. ಬಂಕರ್ ನೀವೇ ಕೆದರಿ ಸಮ ಮಾಡಬೇಕು, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಳಿ ನೀವೇ ಮುಚ್ಚಬೇಕು. ಮರೆತರೆ ಹಿಂದಿನವರು ಏನೂ ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಬೋಗಿರಾಯ:

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ವರೂ ಕೂತು ಲ್ಯಾಂಕಶೈರ್ ಅಂತ ತೀರ್ಮಾನಿಸಿದೆವು. ಸೌತ್‌ಪೋರ್ಟ್‌ನಲ್ಲಿ ಏಳು ರಾತ್ರಿ. ಕರಡು ಹೀಗಿದೆ: ಶನಿವಾರ ತಲುಪುವುದು. ಭಾನುವಾರ ಲಿಥಮ್. ಸೋಮವಾರ ಬರ್ಕ್‌ಡೇಲ್. ಮಂಗಳವಾರ ಬೆಳಗ್ಗೆ ವೆಸ್ಟ್ ಲ್ಯಾಂಕ್ಸ್, ಮಧ್ಯಾಹ್ನ ವಾಲಸಿ. ಬುಧವಾರ ಹಾಯ್‌ಲೇಕ್. ಗುರುವಾರ ಹಿಲ್‌ಸೈಡ್. ಶುಕ್ರವಾರ ಫಾರ್ಂಬಿ. ಶನಿವಾರ ವಾಪಸ್. ಸರಿಯೇ? ಮತ್ತೆ ಇಬ್ಬರು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು?

ಮರಳುದಿಬ್ಬ:

ಸರ್, ಐದು ಅಂದಿದ್ದೆ, ಏಳೇ ಇಟ್ಟಿದ್ದೀರಿ. ಮಂಗಳವಾರದ್ದು ನೋಡಿ: ಎರಡು ರೌಂಡ್ ಸೇರಿ ಹತ್ತು ಮೈಲಿಗೂ ಮೇಲೆ ನಡಿಗೆ, ಅದರಲ್ಲಿ ಎರಡನೆಯದು ದಿಬ್ಬ ಹತ್ತಿಳಿಯುವ ವಾಲಸಿ. ಬುಧವಾರ ನಿಮ್ಮ ಹಿರಿಯರು ಹೋಟೆಲ್ ರೂಮಿನಲ್ಲೇ ಉಳಿಯುತ್ತಾರೆ. ಭಾನುವಾರದ ಲಿಥಮ್ ತೆಗೆದುಬಿಡಿ. ನಿದ್ದೆ ಸರಿಹೋಗದ ದಿನ, ಲಿಂಕ್ಸ್ ಅಂದರೆ ಏನೆಂದು ಗೊತ್ತಾಗುವ ಮೊದಲೇ, ಅಷ್ಟು ಬಂಕರ್ ನಡುವೆ ಇಳಿಯುವುದು ಬೇಡ.

ನಾನಾದರೆ ಹೀಗೆ ಜೋಡಿಸುತ್ತೇನೆ. ಭಾನುವಾರ ಖಾಲಿ, ಪ್ರಾಕ್ಟೀಸ್ ಗ್ರೀನ್‌ನಲ್ಲಿ ಒಂದು ಗಂಟೆ ಪಟರ್ ಹಿಡಿಯಿರಿ ಸಾಕು. ಸೋಮವಾರ ವೆಸ್ಟ್ ಲ್ಯಾಂಕ್ಸ್, ಗಾಳಿ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಮಂಗಳವಾರ ಫಾರ್ಂಬಿ. ಬುಧವಾರ ಬಿಡುವು. ಗುರುವಾರ ಬರ್ಕ್‌ಡೇಲ್ ಅಥವಾ ಹಾಯ್‌ಲೇಕ್, ಎರಡರಲ್ಲಿ ಟೀ ಟೈಮ್ ಸಿಕ್ಕಿದ್ದು. ಶುಕ್ರವಾರ ಹಿಲ್‌ಸೈಡ್, ಹಿರಿಯರು ಮೊದಲ ಒಂಬತ್ತು ಆಡಿ ಕ್ಲಬ್‌ಹೌಸ್‌ನಲ್ಲಿ ಚಹಾ ಕುಡಿಯಬಹುದು. ಐದನೆಯದು ಬೇಕೆನಿಸಿದರೆ ಬುಧವಾರ ಸಂಜೆ ಸೌತ್‌ಪೋರ್ಟ್ ಅಂಡ್ ಐನ್ಸ್‌ಡೇಲ್‌ನಲ್ಲಿ ಸಂಜೆ ದರ ಇದೆಯೇ ಕೇಳಿ. ಜೂನ್ ನಡುವೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.45ರ ಹೊತ್ತಿಗೆ, ಐದು ಗಂಟೆಗೆ ಹೊರಟರೂ 18 ಮುಗಿಯುತ್ತೆ.

ಬರ್ಕ್‌ಡೇಲಾ ಹಾಯ್‌ಲೇಕಾ ಅಂತ ಕೇಳಿದರೆ, ಒಂದೇ ಆಡುವುದಾದರೆ ಬರ್ಕ್‌ಡೇಲ್. ಆದರೆ ಹ್ಯಾಂಡಿಕ್ಯಾಪ್ ಮಿತಿ ಎಲ್ಲಿ ಸಡಿಲ ಇದೆಯೋ ಅದೇ ನಿಮ್ಮದು. ನಾಲ್ಕನೆಯವರನ್ನು ಹೊರಗೆ ನಿಲ್ಲಿಸಿ ಆಡಿದ ರೌಂಡ್‌ಗೆ ರುಚಿ ಇರುವುದಿಲ್ಲ.

ಕಡಲಗಾಳಿ:

ಸಮಯದ ವ್ಯತ್ಯಾಸ ಜೂನ್‌ನಲ್ಲಿ ನಾಲ್ಕೂವರೆ ಗಂಟೆ. ಮೊದಲ ಮೂರು ದಿನ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಸಂಜೆ ಏಳಕ್ಕೆ ಕಣ್ಣು ಎಳೆಯುತ್ತೆ. ಹಾಗಾಗಿ ಸೋಮವಾರ, ಮಂಗಳವಾರ ಬೆಳಗಿನ ಟೀ ಟೈಮ್ ಕೇಳಿ, ಸಂಜೆ ರೌಂಡ್ ಬುಧವಾರಕ್ಕೆ ಇಟ್ಟಿದ್ದು ಸರಿಯಾಗಿದೆ.

ಊಟ: ಸಸ್ಯಾಹಾರ ಬೇಕೆಂದು ಬುಕಿಂಗ್ ಇಮೇಲ್‌ನಲ್ಲೇ ಬರೆಯಿರಿ, ಸೂಪ್‌ನ ಸಾರು ಯಾವುದರದ್ದು ಅಂತ ಬಿಡಿಸಿ ಕೇಳಿ. ತರಕಾರಿ ಸೂಪ್ ಅಂದರೂ ಕೋಳಿ ಸಾರಿನದ್ದಿರಬಹುದು. ಇಡಿಯಾಗಿ ಸುಟ್ಟ ಆಲೂಗಡ್ಡೆಗೆ ಚೀಸ್ ಅಥವಾ ಬೀನ್ಸ್, ಚೀಸ್ ಟೋಸ್ಟ್, ಇವೆರಡು ಎಲ್ಲ ಕಡೆ ಸಿಗುತ್ತವೆ. ಬ್ಯಾಗಿನಲ್ಲಿ ಕಡಲೆಮಿಠಾಯಿ, ಕೋಡುಬಳೆ ಇರಲಿ, 13ನೇ ಹೋಲ್ ಹೊತ್ತಿಗೆ ಎದುರು ಗಾಳಿಯಲ್ಲಿ ಅದರ ಬೆಲೆ ತಿಳಿಯುತ್ತೆ. ಜೀನ್ಸ್, ಕಾಲರ್ ಇಲ್ಲದ ಟೀ ಶರ್ಟ್ ಯಾವ ಕ್ಲಬ್‌ಹೌಸಿಗೂ ಬೇಡ. ಕೆಲವು ಹಳೆಯ ಕ್ಲಬ್‌ಗಳ ಊಟದ ಕೋಣೆಗೆ ಕೋಟು, ಟೈ ಕಡ್ಡಾಯ. ನಾಲ್ವರಿಗೂ ಒಂದೊಂದು ಇರಲಿ.

ಮಳೆ ಕೋಟಿಗೆ ಜಿಪುಣತನ ಮಾಡಬೇಡಿ. ಛತ್ರಿ ಅಲ್ಲಿನ ಗಾಳಿಯಲ್ಲಿ ಉಲ್ಟಾ ತಿರುಗುತ್ತೆ. ಮಳೆ ಗ್ಲೌಸ್ ಎರಡೂ ಕೈಗೆ, ಶೂ ಎರಡು ಜೊತೆ. ರಾತ್ರಿ ಒದ್ದೆ ಶೂ ಒಳಗೆ ಹಳೆಯ ಪೇಪರ್ ತುರುಕಿಡಿ.

ಬೋಗಿರಾಯ:

ಮರಳುದಿಬ್ಬ ಅವರ ಕ್ರಮವೇ ಅಂತಿಮ. ಕೊನೆಯ ಪ್ರಶ್ನೆ: ದೊಡ್ಡ ಕೋರ್ಸಿನ ದಿನ ಕ್ಯಾಡಿ ತೆಗೆದುಕೊಳ್ಳಬೇಕೇ? ನಾಲ್ಕು ಜನಕ್ಕೆ ನಾಲ್ಕೇ?

ಏಳನೇಐರನ್:

ಆ ಒಂದು ದಿನಕ್ಕೆ ತೆಗೆದುಕೊಳ್ಳಿ. ನಾಲ್ಕು ಬೇಡ. ಬ್ಯಾಗ್ ಟ್ರಾಲಿಯಲ್ಲಿಟ್ಟು ನಾಲ್ವರಿಗೂ ಸೇರಿ ಒಬ್ಬ ಫೋರ್‌ಕ್ಯಾಡಿ ಕೇಳಿ. ಅವರು ಮುಂದೆ ಹೋಗಿ ನಿಂತು ಚೆಂಡು ಎಲ್ಲಿ ಬಿತ್ತು ನೋಡುತ್ತಾರೆ, ಗ್ರೀನ್‌ನಲ್ಲಿ ಗೆರೆ ಹೇಳುತ್ತಾರೆ. ಮಂಡಿ ನೋವಿನವರಿಗೆ ಮಾತ್ರ ಬ್ಯಾಗ್ ಹೊರುವ ಒಬ್ಬರು ಪ್ರತ್ಯೇಕ ಇರಲಿ. ಇಲ್ಲಿನ ಹಾಗೆ ಗೇಟಿನಲ್ಲಿ ಸಾಲಾಗಿ ನಿಂತಿರುವುದಿಲ್ಲ, ಟೀ ಟೈಮ್ ಗಟ್ಟಿಯಾದ ದಿನವೇ ಕ್ಯಾಡಿ ಮಾಸ್ಟರ್‌ಗೆ ಬರೆದು, ಹಿಂದಿನ ವಾರ ಮತ್ತೊಮ್ಮೆ ನೆನಪಿಸಿ. ಹಣ ಗ್ರೀನ್ ಫೀ ಜೊತೆ ಸೇರಿರುವುದಿಲ್ಲ, 18 ಮುಗಿದ ಮೇಲೆ ನೇರವಾಗಿ ಅವರ ಕೈಗೆ ನಗದಾಗಿ. ಅಲ್ಲಿ ಎಲ್ಲ ಕಡೆ ಕಾರ್ಡ್ ನಡೆಯುತ್ತೆ ಅಂತ ಜೇಬು ಖಾಲಿ ಇಟ್ಟುಕೊಂಡು ಹೋಗುವವರೇ ಜಾಸ್ತಿ, ಹಿಂದಿನ ಸಂಜೆಯೇ ಎಟಿಎಂಗೆ ಹೋಗಿ ಬನ್ನಿ.